ಲಾಭ, ಎರಡು, ಮೂರು

ಬ್ಯಾಡಗಿ ಪ್ಯಾಟ್ಯಾಗ ಚೀಲ ಎಣಿಸೋ ಮುಂದ
ಒಂದು ಅನ್ನೂದಿಲ್ಲ ನಾವು, ಲಾಭ ಅಂತೀವಿ.
ಲಾಭ, ಎರಡು, ಮೂರು,
ಹಮಾಲರ ಬಾಯಾಗ ಮುಂಜಾನಿಂದ ಸಂಜಿತನಕ.
ದುಬೈದ ಅವೀರ ಮಂಡಿಗೆ ಬಂದು ಒಂಬತ್ತು ವರ್ಷಾತು,
ಉಳ್ಳಾಗಡ್ಡಿ, ಟೊಮ್ಯಾಟೊ, ಇರಾನದ ಕಲ್ಲಂಗಡಿ.
ಬಾಯಿ ಇನ್ನೂ ಹಂಗ ಐತಿ.

ಒಂದು ಶುಕ್ರವಾರ ಕಂಪನಿಯವರು ಕ್ಲಾಸ್ ಇಟ್ಟಿದ್ರು,
ಎದಿ ಒತ್ತಿ ಜೀವ ತರೂದು ಹೆಂಗ ಅಂತ.
ಬಿರಿಯಾನಿ ಕೊಡ್ತಾರಂತ ಸುದ್ದಿ ಹಬ್ಬಿ ಮೆಸ್ಸು ತುಂಬಿತು.
ನೆಲದ ಮ್ಯಾಲ ಕೈಯಿಲ್ಲದ ಕಾಲಿಲ್ಲದ ರಬ್ಬರ್ ಮನಷ್ಯಾ
ಬಾಯಿ ತಗದು ಮಲಗಿದ್ದ.
ಕಾರ್ಕಳದ ಸಿಸ್ಟರು, ಪ್ರೆಸಿಲ್ಲಾ ಅಂತ,
ಮೊಣಕಾಲೂರಿ ಒತ್ತಿ ತೋರಿಸಿದ್ಲು.
ಆಳಕ್ಕ ಒತ್ತಿದ್ರ ಒಳಗ ಟಿಕ್ ಅಂತದ.

ಸುಗತನ್ ಕೇಳಿದ, ಬಿದ್ದಾಕಿ ಹೆಣ್ಣಮಗಳಾದ್ರ ಮುಟ್ಟೂದ್ಹೆಂಗ?
ಮೊಖ್ಲೆಸ ಕೇಳಿದ, ಎಲುಬು ಮುರದ್ರ ನನ್ನ ಪಗಾರ ಹಿಡೀತಾರೇನು?
ಗುಲ್ ರೆಹಮಾನ ಕೇಳಲಿಲ್ಲ, ಹೇಳಿದ:
ಉಸಿರು ಕೊಟ್ಟಾವ ಒಯ್ತಾನ, ನಡುವ ನಾವ್ಯಾರು?
ಸತ್ರ ಕೇಸು ಯಾರ ಮ್ಯಾಲ, ಅಂದಾವ ನಾನು.
ಮೆಸ್ಸಿಗೆ ಮೆಸ್ಸ ಸುಮ್ಮನಾತು.
ಎಲ್ಲಾರ ಹೊಟ್ಟ್ಯಾಗ ಇದ್ದದ್ದು ಅದ.

ಸಿಸ್ಟರು ಮಂದಿನ್ನ ಒಂದು ಸುತ್ತು ನೋಡಿದ್ಲು.
"ಉಸಿರು ನಿಂತಿದೆ ಅಂದ್ರೆ ಅವ ಆಗಲೇ ಸತ್ತಿದ್ದಾನೆ ಮಾರಾಯ್ರೆ.
ಅದಕ್ಕಿಂತ ಹೆಚ್ಚು ಕೊಲ್ಲಲಿಕ್ಕೆ
ನಿಮ್ಮಿಂದ ಆಗುವುದಿಲ್ಲ."

ನನ್ನ ಪಾಳಿ ಬಂದಾಗ ಹಗೂರಕ ಒತ್ತಿದೆ.
ಟಿಕ್ ಅನ್ನಲಿಲ್ಲ.
ಸಹಿ ಮಾಡಿದೆ, ಉಂಡೆ.

ಆಗಸ್ಟಿನ ರಾತ್ರಿ, ಮೂರು ಗಂಟೆ,
ಗಾಳಿ ಹಿಂಡಿದ್ರ ನೀರು ಬರೂ ಹೊತ್ತು.
ಜೋರ್ಡಾನಿನ ಟೊಮ್ಯಾಟೊ ಲಾರಿ. ಡ್ರೈವರ
ತಾಡಪತ್ರಿ ಬಿಚ್ಚತಿದ್ದಾವ ಕುಂತ,
ಕುಂತಾವ ಅಡ್ಡಾದ.
ಮಂದಿ ಕೂಡಿತು, ಕೂಡಿ ಹಿಂದ ಸರೀತು,
ನಡುವ ಅವ, ಸುತ್ತ ನಾವು, ಬಾವಿ ಸುತ್ತ ನಿಂತಂಗ.
ಪೊಲೀಸರು ಬರ್ಲಿ. ಮ್ಯಾಲ ಕ್ಯಾಮೆರಾ ಐತಿ. ನೀರು ಗೊಜ್ಜರಿ.
ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡೀರಿ.
ಗಂಟಲದಾಗ ಗೊರ್ ಅಂತು ಅವಂಗ,
ಆಮ್ಯಾಲ ಅದೂ ಇಲ್ಲ.
ನಾನೂ ನಿಂತಿದ್ದೆ. ಎಷ್ಟು ಹೊತ್ತು?
ಹತ್ತು ಸಾವಿರ ಚೀಲ ಎಣಿಸಿದಾವ,
ಅದೊಂದು ಎಣಿಸಿಲ್ಲ.

ಮೊಣಕಾಲೂರಿದ್ದು ನೆನಪಿಲ್ಲ, ನೆಲಾ ಸುಡತಿತ್ತು.
ಅಂಗೈ ಮ್ಯಾಲ ಅಂಗೈ.
ಲಾಭ.
ಎರಡು. ಮೂರು.
ಹನ್ನೊಂದಕ್ಕ ಎದಿಯೊಳಗ ಒಂದು ಸಪ್ಪಳ,
ಒಣಾ ಮೆಣಸಿನಕಾಯಿ ತೊಟ್ಟು ಮುರದಂಗ.
ಕೈ ನಿಂತ್ವು. ಅದು ಟಿಕ್ ಅಲ್ಲ.
ಸುಗತನ್ ಫೋನು ಕಿವಿಗೆ ಒತ್ತಿಕೊಂಡು ಒದರಿದ,
ನಿಲ್ಲಸಬ್ಯಾಡಂತ, ನಿಲ್ಲಸಬ್ಯಾಡಂತ!
ಮತ್ತ ಲಾಭದಿಂದ.
ಎಷ್ಟು ಮೂವತ್ತು ಆದ್ವೋ, ರಟ್ಟಿ ಬಿದ್ವು.
ಭುಜಾ ಹಿಡದು ನನ್ನ ಆಚೆ ನೂಕಿ
ಗುಲ್ ರೆಹಮಾನ ಕುಂತ, ಗಡ್ಡದಿಂದ ಬೆವರು ಹನಸ್ತಾ
ಯವ್, ದ್ವಾ, ದ್ರೇ...

ಆಂಬುಲೆನ್ಸು ಬಂತು, ಒಯ್ತು.
ಒಂದು ಚಪ್ಪಲಿ ಉಳೀತು.
ಸೌತಿಕಾಯಿ ಪೆಟಿಗಿ ಮ್ಯಾಲ ಎತ್ತಿಟ್ಟೆ.

ಮುಂದಿನ ವಾರ ಅದ ಲಾರಿ, ಬ್ಯಾರೆ ಡ್ರೈವರ.
ಎದಿ ಮುಟ್ಟಿಕೊಂಡು ಕೈಸನ್ನಿಲೆ ಕೇಳಿದೆ.
ಅವ ಮುಗಿಲ ನೋಡಿ ಅಲ್ಹಮ್ದುಲಿಲ್ಲಾ ಅಂದ.
ಇಲ್ಲಿ ಉಳಿದ್ರೂ ಅದ ಮಾತು, ಹೋದ್ರೂ ಅದ ಮಾತು.
ಮತ್ತೊಮ್ಮೆ ಕೇಳಾಕ ಧೈರ್ಯ ಸಾಲಲಿಲ್ಲ.
ಚಪ್ಪಲಿ ಕೊಟ್ಟೆ. ಇಸ್ಕೊಂಡ,
ಸೀಟಿನ ಕೆಳಗ ಇಟ್ಟ. ಒಗೀಲಿಲ್ಲ.

ಮೊಖ್ಲೆಸ ಈಗಲೂ ಅಂತಾನ, ನಾನಾಗಿದ್ರ ಮುಟ್ಟತಿರಲಿಲ್ಲ.
ಆದ್ರ ರಾತ್ರಿ ದೀಪ ಆರಿದ ಮ್ಯಾಲ
ತಲದಿಂಬು ಒತ್ತೂದು ಕೇಳತೈತಿ.

ಫೋನಿನ್ಯಾಗ ಶಾವಂತ್ರಿ ಸಿಟ್ಟಾದ್ಲು.
ಯಾರವನೋ ಏನೋ, ನಿಮ್ಮ ಕೊಳ್ಳಿಗೆ ಬಂದಿದ್ರ?
ಅದರಾಗ ನಿಮಗೇನು ಲಾಭ?

ಲಾಭ ಅಂದ್ರ ಒಂದು, ಅಂದೆ.
ಆಕಿ ಸುಮ್ಮನಾದ್ಲು.
ಲೈನು ಕಟ್ಟಾತೋ, ಎಣಿಸಾಕ ಹತ್ತಿದ್ಲೋ.